ಒಂದೇ ಕಾಗದ, ಒಂದೇ ಬಿಸಿಲು, ಬಣ್ಣ ಮಾತ್ರ ಬೇರೆ!

ಒಗಟೊಂದು ಹೇಳ್ತೀನಿ, ಬಿಡಿಸಿ ನೋಡೋಣ!

ಒಂದು ಹಾಳೆಯನ್ನು ಎರಡು ತುಂಡು ಮಾಡಿ. ಎರಡಕ್ಕೂ ಒಂದೇ ದ್ರಾವಣ ಬಳಿಯಿರಿ: ಕಬ್ಬಿಣದ ಲವಣ, ಜೊತೆಗೆ ಪಲ್ಲಾಡಿಯಂ. ಒಂದೇ ಫೋಟೋ ನೆಗೆಟಿವ್ ಇಟ್ಟು ಒಂದೇ ಬಿಸಿಲಿಗೆ ಹಿಡಿಯಿರಿ. ಒಂದರಲ್ಲಿ ಬೆಲ್ಲದ ಕಂದು! ಇನ್ನೊಂದರಲ್ಲಿ ಕಾಡಿಗೆಯಂಥ ಕಪ್ಪು! ಬದಲಾದದ್ದೇನು?

ನೀರು! ಕಾಗದ ಸದ್ದಿಲ್ಲದೆ ಗಾಳಿಯಿಂದ ಹೀರಿಕೊಂಡ ನೀರು!

ಬಿಸಿಲು ಎಬ್ಬಿಸುವುದು ಕಬ್ಬಿಣವನ್ನು. ಅದು ಪಲ್ಲಾಡಿಯಂ ಹತ್ತಿರ ಹೋಗಿ ಮುಟ್ಟಿದರೆ ಮಾತ್ರ ಲೋಹ ಮೂಡುತ್ತದೆ. ಹೋಗಲು ದಾರಿ ಬೇಕಲ್ಲ! ತೇವವೇ ಆ ದಾರಿ. ತೇವವಿದ್ದರೆ ಚಿತ್ರ ಬಿಸಿಲಲ್ಲೇ ಕಣ್ಣೆದುರು ಕಪ್ಪಾಗುತ್ತದೆ. ಕಾಗದ ಒಣಗಿದ್ದರೆ ಅರೆಬರೆ, ಕಂದು.

ಈಗ ನಮ್ಮ ಕಡೆಯನ್ನೇ ನೋಡಿ. ಬೇಸಿಗೆಯ ಹನೂರಿನಲ್ಲಿ ಹಪ್ಪಳ ಸಂಜೆಯೊಳಗೆ ಗರಿಗರಿ. ಆಷಾಢದಲ್ಲಿ ಯಳಂದೂರು ದಾಟಿ ಬಿಳಿಗಿರಿರಂಗನ ಬೆಟ್ಟ ಹತ್ತಿ, ಒಗೆದ ಪಂಚೆ ಒಣಗುವ ಮಾತೇ ಇಲ್ಲ! ಕಂದೂ ಇಲ್ಲೇ, ಕಪ್ಪೂ ಇಲ್ಲೇ!

ಕೊಳ್ಳೇಗಾಲದ ರೇಷ್ಮೆಯವರಿಗೆ ಈ ಗುಟ್ಟು ಚೆನ್ನಾಗಿ ಗೊತ್ತು. 100 ಗ್ರಾಂ ಒಣ ರೇಷ್ಮೆಗೆ ವ್ಯಾಪಾರದ ಲೆಕ್ಕದಲ್ಲಿ 11 ಗ್ರಾಂ ನೀರು ಸೇರಿಯೇ ತೂಕ! ಹುಳು ಸಾಕುವ ಮನೆಯ ಗೋಡೆ ನೋಡಿದ್ದೀರಾ? ಅಕ್ಕಪಕ್ಕ ಎರಡು ಥರ್ಮಾಮೀಟರ್. ಒಂದರ ಬುಡಕ್ಕೆ ಒದ್ದೆ ಬಟ್ಟೆ. ಎರಡರ ನಡುವಿನ ಅಂತರವೇ ಗಾಳಿಯ ತೇವ ಹೇಳುತ್ತದೆ. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, ತೇವ ಹೆಚ್ಚು ಬೇಕು, ಗೂಡು ಕಟ್ಟುವಾಗ ಕಡಿಮೆ. ಬಿಸಿಲಲ್ಲಿ ಚಿತ್ರ ಮುದ್ರಿಸುವವರಿಗೂ ಇದಕ್ಕಿಂತ ಒಳ್ಳೆಯ ಉಪಕರಣ ನಾನಂತೂ ಕಾಣೆ!

ಇನ್ನು, ಕಾಗದವನ್ನು ಹದಕ್ಕೆ ತರುವುದು ಹೇಗೆ? ಲಕ್ಷ ರೂಪಾಯಿಯ ಯಂತ್ರವೇ? ಊಹಿಸಿ!

ಅಡುಗೆ ಉಪ್ಪು! ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಒದ್ದೆ ಉಪ್ಪಿನ ಬಟ್ಟಲಿಡಿ. ಕರಗದ ಉಪ್ಪು ತಳದಲ್ಲಿ ಉಳಿದಿರಬೇಕು, ಅಷ್ಟೇ. ಒಳಗಿನ ಗಾಳಿಯ ತೇವ ಶೇಕಡಾ 75ರ ಹತ್ತಿರ ಬಂದು ನಿಲ್ಲುತ್ತದೆ. ಚಳಿಗೂ ಅಷ್ಟೇ, ಸೆಕೆಗೂ ಅಷ್ಟೇ! ಮಳೆಗಾಲದಲ್ಲಿ ಉಪ್ಪಿನ ಜಾಡಿ ನೀರು ಬಿಡುತ್ತದಲ್ಲ? ಗಾಳಿ ಆ ಗೆರೆ ದಾಟಿತು ಎಂದೇ ಅರ್ಥ!

ಎಲ್ಲಕ್ಕಿಂತ ದೊಡ್ಡ ಅಚ್ಚರಿಯನ್ನು ಕೊನೆಗೆ ಇಟ್ಟುಕೊಂಡಿದ್ದೆ. 1842ರಲ್ಲಿ ನೀಲಿ ಮುದ್ರಣ ಕಂಡುಹಿಡಿದ ಜಾನ್ ಹರ್ಷೆಲ್ ಮರುವರ್ಷ ಇನ್ನೊಂದು ಕಾಗದದ ಬಗ್ಗೆ ಬರೆದ. ಬೆಳ್ಳಿ, ಕಬ್ಬಿಣದ ಲವಣ ಬಳಿದ ಕಾಗದ. ಬಿಸಿಲಿಗೆ ಹಿಡಿದು ತೆಗೆದರೆ ಚಿತ್ರ ಇನ್ನೂ ನಿದ್ದೆಯಲ್ಲಿ! ಡೆವಲಪರ್ ಬೇಡ, ತೊಟ್ಟಿ ಬೇಡ. ಕನ್ನಡಿ ಒರೆಸುವ ಮುಂಚೆ 'ಹಾ' ಅಂತ ಊದುತ್ತೀವಲ್ಲ, ಹಾಗೆ ಒಂದು ಉಸಿರು. ಚಿತ್ರ ಎದ್ದು ಬಂತು!