‘ಪರಿಹಾರ’ ಗೊತ್ತಿದ್ದವರಿಗೆ ‘ರಿಪೋರ್ಟ್’ ಕಷ್ಟವೇ?

ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ. ಐದರಲ್ಲೂ ಇರುವುದು ಒಂದೇ ಧಾತು, ‘ಹೃ’. ಒಯ್ಯು, ಸಾಗಿಸು ಅಂತ ಅದರ ಅರ್ಥ. ಮುಂದೆ ಅಂಟಿಕೊಂಡ ಪುಟ್ಟ ಉಪಸರ್ಗ ಬದಲಾದರೆ ಸಾಕು, ಊಟ ಹೋಗಿ ಸುತ್ತಾಟ ಆಗುತ್ತೆ, ಸುತ್ತಾಟ ಹೋಗಿ ಏಟು ಆಗುತ್ತೆ. ಹೈಸ್ಕೂಲಿನ ವ್ಯಾಕರಣದ ಪೀರಿಯಡ್ಡಿನಲ್ಲಿ ಆಕಳಿಸುತ್ತಾ ಕೇಳಿದ ಪಾಠ ಇದು. ಆಫೀಸಿನ ಇಂಗ್ಲಿಷಿಗೂ ಇದೇ ಪಾಠ ಕೆಲಸಕ್ಕೆ ಬರುತ್ತೆ.

ಲ್ಯಾಟಿನ್‌ನಲ್ಲಿ ‘ಪೋರ್ಟಾರೆ’ ಅಂದರೆ ಹೊತ್ತೊಯ್ಯು. ಒಳಗೆ ಹೊತ್ತು ತಂದರೆ ಇಂಪೋರ್ಟ್, ಹೊರಗೆ ಒಯ್ದರೆ ಎಕ್ಸ್‌ಪೋರ್ಟ್. ನೋಡಿದ್ದನ್ನು ವಾಪಸ್ ಹೊತ್ತು ತಂದು ಒಪ್ಪಿಸಿದರೆ ರಿಪೋರ್ಟ್. ಕೆಳಗಿನಿಂದ ಎತ್ತಿ ಹಿಡಿದರೆ ಸಪೋರ್ಟ್. ಹಾಗೇ ‘ಜೆಕ್ಟ್’ ಅಂದರೆ ಎಸೆ. ಮುಂದಕ್ಕೆ ಎಸೆದದ್ದು ಪ್ರಾಜೆಕ್ಟ್, ಹಿಂದಕ್ಕೆ ಎಸೆದರೆ ರಿಜೆಕ್ಟ್, ಒಳಕ್ಕೆ ಹಾಕಿದರೆ ಇಂಜೆಕ್ಷನ್. ಆಬ್ಜೆಕ್ಷನ್ ಅಂದರೆ ಎದುರಿಗೆ ತಂದು ಎಸೆಯುವುದು. ಸೋಮವಾರದ ಮೀಟಿಂಗಿನಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಸಲಿಗೆ ಇಂಗ್ಲಿಷ್ ಲ್ಯಾಟಿನ್ನಿನ ಮಗಳಲ್ಲ, ಜರ್ಮನ್ ಬಳಗದ ಭಾಷೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆಗೂ ಕೋರ್ಟಿಗೂ ಫ್ರೆಂಚ್ ಬಂತು. ಮುಂದೆ ವಿದ್ವಾಂಸರು ನೇರವಾಗಿ ಲ್ಯಾಟಿನ್ನಿನಿಂದಲೇ ಪದಗಳನ್ನು ತಂದರು. ಹಾಗಾಗಿ ಅವರ ಬಾಯಲ್ಲಿರುವುದು ಟೂತ್, ಬೋರ್ಡಿನ ಮೇಲಿರುವುದು ಡೆಂಟಲ್. ನಮ್ಮ ಕಥೆಯೂ ಅದೇ. ನೋಯುವುದು ಹಲ್ಲು, ಬೋರ್ಡಿನಲ್ಲಿ ‘ದಂತ ಚಿಕಿತ್ಸಾಲಯ’. ನಲ್ಲಿಯಲ್ಲಿ ಬರುವುದು ನೀರು, ಬಿಲ್ ಕಳಿಸುವುದು ಜಲಮಂಡಳಿ!

ದಂತ ಮತ್ತು ಡೆಂಟಲ್ ಒಂದೇ ಥರ ಕೇಳಿಸುವುದು ಕಾಕತಾಳೀಯ ಅಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು ಅಂತ ವಿಲಿಯಂ ಜೋನ್ಸ್ 1786ರಲ್ಲೇ ಕಲ್ಕತ್ತೆಯಲ್ಲಿ ಹೇಳಿದ್ದ. ನಿಮ್ಮ ಬೈಕಿನ ಇಗ್ನಿಷನ್ ನೋಡಿ. ಲ್ಯಾಟಿನ್ನಿನ ‘ಇಗ್ನಿಸ್’ ನಮಗೆ ಗೊತ್ತಿರುವ ಅಗ್ನಿಯ ದಾಯಾದಿ. ಬ್ಯಾಂಕಿನ ನಾಮಿನಿಯಲ್ಲಿ ನಾಮ ಇದೆ, ಇನ್ನೊವೇಷನ್ನಿನಲ್ಲಿ ನವ ಇದೆ. ಹಲ್ಲು, ಬೆಂಕಿ, ಹೆಸರು ಇವೆಲ್ಲ ದ್ರಾವಿಡ ಮನೆತನದವು, ಈ ನೆಂಟಸ್ತಿಕೆಗೆ ಸೇರಲ್ಲ. ಆದರೂ ಕನ್ನಡ ಶತಮಾನಗಳಿಂದ ಸಂಸ್ಕೃತ ಪದಗಳನ್ನು ಸಾಲ ತಂದು ಬಳಸಿರುವುದರಿಂದ ಈ ಬೀಗದ ಕೀ ನಮ್ಮ ಜೇಬಿನಲ್ಲೇ ಇದೆ. ಕನ್ನಡ ಮೀಡಿಯಂನಲ್ಲಿ ಓದಿದೆ ಅಂತ ಆಫೀಸಿನಲ್ಲಿ ಬಾಯಿ ಬಿಡಲು ಹಿಂಜರಿಯುವವರು ಇದನ್ನೊಮ್ಮೆ ಯೋಚಿಸಬೇಕು.

ಸ್ಪೆಲ್ಲಿಂಗಿಗೂ ಸಂಧಿಯೇ ದಾರಿ. ಸತ್ + ಜನ ಸೇರಿ ಸಜ್ಜನ ಆಗುವುದಿಲ್ಲವೇ? ಇನ್ + ಲೀಗಲ್ ಸೇರಿ ಇಲ್ಲೀಗಲ್ ಆಗುವುದೂ ಹಾಗೇ, ಅದಕ್ಕೇ ಎರಡು ಎಲ್. ಮೇಲ್ ಬರೆಯುವಾಗ ಎಲ್ಲರನ್ನೂ ಕಾಡುವ ‘ಅಕಾಮಡೇಟ್’ ಬಿಡಿಸಿ ನೋಡಿ: ಆ್ಯಡ್ + ಕಾಮ್ + ಮೋಡ್. ಮೊದಲನೆಯದರ ಡಿ ಮುಂದಿನ ಸಿಗೆ ಶರಣಾಗಿ ಎರಡು ಸಿ. ಕಾಮ್‌ನ ಎಂ, ಮೋಡ್‌ನ ಎಂ ಸೇರಿ ಎರಡು ಎಂ. ಆದರೆ ‘ರೆಕಮೆಂಡ್’ನಲ್ಲಿ ಇರುವುದು ರಿ + ಕಾಮ್ + ಮೆಂಡ್, ಹಾಗಾಗಿ ಒಂದೇ ಸಿ, ಎರಡು ಎಂ. ಇನ್ನು ಉರು ಹೊಡೆಯುವ ಕೆಲಸ ಇಲ್ಲ.

ಹಾಗಂತ ಕಣ್ಣು ಮುಚ್ಚಿ ನಂಬುವ ಹಾಗೂ ಇಲ್ಲ. ಪೆಡಲ್, ಪೆಡೆಸ್ಟ್ರಿಯನ್‌ಗಳ ‘ಪೆಡ್’ ಪಾದ. ಮಕ್ಕಳ ಡಾಕ್ಟರ್ ಪೀಡಿಯಾಟ್ರಿಷಿಯನ್‌ಗೂ ಪಾದಕ್ಕೂ ಸಂಬಂಧವೇ ಇಲ್ಲ, ಅದು ಗ್ರೀಕ್, ಮಗು ಅಂತ ಅರ್ಥ. ಏರ್‌ಪೋರ್ಟಿನ ಪೋರ್ಟ್ ಹೊರುವುದಲ್ಲ, ಬಂದರು. ಆಪರ್ಚುನಿಟಿಯ ಒಳಗಿರುವುದೂ ಆ ಬಂದರೇ. ಹಡಗನ್ನು ದಡಕ್ಕೆ ತಳ್ಳುವ ಗಾಳಿ ಸಿಕ್ಕಿದರೆ ಅದೇ ಅವಕಾಶ. ನನಗೆ ಇದು ತುಂಬಾ ಇಷ್ಟವಾದ ಪದ. ಇನ್ನು ಪೆಟ್ರೋಲ್ ಟ್ಯಾಂಕರ್ ಹಿಂದೆ ಬರೆದಿರುವ ‘ಇನ್‌ಫ್ಲೇಮಬಲ್’ ಓದಿ, ‘ಇನ್’ ಅಂದರೆ ‘ಅಲ್ಲ’ ತಾನೇ ಅಂತ ಪಕ್ಕದಲ್ಲಿ ನಿಂತು ಕಡ್ಡಿ ಗೀರಬೇಡಿ. ಅಲ್ಲಿನ ‘ಇನ್’ ಬೇರೆ. ಧಗ್ ಅಂತ ಹೊತ್ತಿಕೊಳ್ಳುತ್ತೆ ಅಂತಲೇ ಅದರ ಅರ್ಥ.

ಬೇರು ಕಲಿತ ಹುರುಪಿನಲ್ಲಿ ಮೇಲ್ ತುಂಬಾ ಲ್ಯಾಟಿನ್ ತುಂಬುವುದೂ ಬೇಡ. ‘ಸ್ಟಾರ್ಟ್’ ಸಾಕಾಗುವ ಕಡೆ ‘ಕಮೆನ್ಸ್’ ಹಾಕಿದರೆ, ಮನೆಯಲ್ಲಿ ಅಮ್ಮನ ಹತ್ತಿರ ‘ಜಲ ಕೊಡು’ ಅಂದ ಹಾಗಿರುತ್ತೆ. ಓದಿ ಅರ್ಥ ಮಾಡಿಕೊಳ್ಳಲು ಬೇರು, ಬರೆಯಲು ಸಣ್ಣ ಪದ.

ಪುಸ್ತಕ ಬೇಕು ಅನ್ನುವವರಿಗೆ ನಾರ್ಮನ್ ಲೂಯಿಸ್ 1949ರಲ್ಲಿ ತಂದ ‘ವರ್ಡ್ ಪವರ್ ಮೇಡ್ ಈಸಿ’ ಇವತ್ತಿಗೂ ಸುಲಭವಾಗಿ ಸಿಗುತ್ತೆ. ಅದು ನಿಂತಿರುವುದೂ ಲ್ಯಾಟಿನ್, ಗ್ರೀಕ್ ಬೇರುಗಳ ಮೇಲೇ. ಅಷ್ಟು ಪುರುಸೊತ್ತಿಲ್ಲದಿದ್ದರೆ ವಾರಕ್ಕೊಂದು ಬೇರು ಸಾಕು. ಈ ವಾರಕ್ಕೆ ‘ಮಿಟ್’, ಅಂದರೆ ಕಳಿಸು. ಸಬ್ಮಿಟ್, ಪರ್ಮಿಟ್, ಟ್ರಾನ್ಸ್‌ಮಿಟ್, ಕಮಿಟಿ ಎಲ್ಲದರಲ್ಲೂ ಅದೇ ಇದೆ. ಅದರ ಇನ್ನೊಂದು ರೂಪ ‘ಮಿಸ್’, ಮಿಷನ್ ಮತ್ತು ಡಿಸ್ಮಿಸ್‌ನಲ್ಲಿದೆ. ಇವತ್ತಿನ ಇನ್‌ಬಾಕ್ಸ್‌ನಲ್ಲಿ ಇನ್ನೆಷ್ಟು ಸಿಗುತ್ತೆ, ಹುಡುಕಿ ನೋಡಿ.