ಕೊನೆಯ ಕಂಬದ ಆಚೆ

ಸಾಗರದಿಂದ ಸಿಗಂದೂರಿಗೆ ಹೊರಟವರು ಈಗ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯಬೇಕಿಲ್ಲ. 2025ರ ಜುಲೈಯಲ್ಲಿ ತೆರೆದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯ ಮೇಲೆ ಕೆಲವೇ ನಿಮಿಷದಲ್ಲಿ ಹಿನ್ನೀರು ದಾಟಿ, ದೇವಿಗೆ ಕೈಮುಗಿದು, ಸೆಲ್ಫಿ ತೆಗೆದುಕೊಂಡು ಸಂಜೆಗೆಲ್ಲ ವಾಪಸಾಗುತ್ತಾರೆ. ತುಮರಿ ದಾಟಿ ಪಶ್ಚಿಮಕ್ಕೆ, ಘಟ್ಟದ ಅಂಚಿನ ಕಡೆ ಹೋಗುವವರು ಕಡಿಮೆ. ಆ ಕಡೆ ಡಾಂಬರು ಮುಗಿದು ಕೆಮ್ಮಣ್ಣಿನ ರಸ್ತೆ ಶುರುವಾಗುತ್ತದೆ. ಸ್ವಲ್ಪ ದೂರ ಜೊತೆಗೇ ಬಂದ ಮೆಸ್ಕಾಂ ಕಂಬಗಳು ಎಲ್ಲೋ ಒಂದು ಕಡೆ ನಿಂತುಬಿಡುತ್ತವೆ. ಕೊನೆಯ ಕಂಬದ ಆಚೆಗೂ ಮನೆಗಳಿವೆ, ತೋಟಗಳಿವೆ, ರಾತ್ರಿ ಹೊತ್ತು ದೀಪವೂ ಉರಿಯುತ್ತದೆ.

ಇದು ಶರಾವತಿ ಕಣಿವೆ. ರಾಜ್ಯಕ್ಕೆ ಕರೆಂಟು ಕೊಟ್ಟ ಹೊಳೆ ಎಂದು ಶಾಲೆಯ ಪುಸ್ತಕದಲ್ಲಿ ಓದಿದ್ದೇವೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದರ ಗರಿಷ್ಠ ಮಟ್ಟ 1819 ಅಡಿ ಎಂಬುದು ಈ ಸೀಮೆಯ ಮಕ್ಕಳಿಗೂ ಬಾಯಿಪಾಠ. ಮಳೆಗಾಲದಲ್ಲಿ ಹವಾಮಾನ ವಿಚಾರಿಸುವ ಬದಲು ಡ್ಯಾಮ್ ಎಷ್ಟಾಯಿತು ಎಂದೇ ಕೇಳುತ್ತಾರೆ. ಇದಕ್ಕೂ ಮೊದಲು ಕಟ್ಟಿದ ಹಿರೇಭಾಸ್ಕರ ಅಣೆಕಟ್ಟೇ ಈ ನೀರಿನಲ್ಲಿ ಮುಳುಗಿತು. ಕಡುಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅದು ತಲೆ ಎತ್ತುತ್ತದೆ. ಹಳ್ಳಿಗಳು ಮುಳುಗಿದವು, ಜನ ಲಾರಿ ಹತ್ತಿದರು, ಕೆಲವರು ಮೇಲಿನ ಗುಡ್ಡಕ್ಕೆ ಸರಿದು ಅಲ್ಲೇ ಉಳಿದರು. ಕರೂರು, ಬಾರಂಗಿ ಹೋಬಳಿಗಳಿಗೆ ಒಂದು ಕಡೆ ನೀರು, ಇನ್ನೊಂದು ಕಡೆ ಘಟ್ಟ ಎಂಬ ಸ್ಥಿತಿಯಾಯಿತು. ಇದೇ ನೀರು ಕೆಳಗಿಳಿದು ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳನ್ನು ತಿರುಗಿಸುತ್ತದೆ. ಒಟ್ಟು ಸಾಮರ್ಥ್ಯ 1035 ಮೆಗಾವಾಟ್. ಆ ಕರೆಂಟು ದೊಡ್ಡ ಗೋಪುರಗಳ ಮೇಲೆ ಏರಿ ದೂರ ಹೋಯಿತು. ದಂಡೆಯ ಮನೆಗಳಲ್ಲಿ ಚಿಮಣಿ ಬುಡ್ಡಿ ಉರಿಯಿತು.

ಇಷ್ಟು ಹೇಳಿ ಸರ್ಕಾರವನ್ನು ಬೈದು ಮುಗಿಸುವುದು ಸುಲಭ. ಆದರೆ ಲೈನ್ ಬಾರದ್ದಕ್ಕೆ ಕಾರಣಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮಲೆನಾಡಿನ ಹಳ್ಳಿ ಬಯಲುಸೀಮೆಯಂತೆ ಒಂದೇ ಕಡೆ ಗುಂಪಾಗಿರುವುದಿಲ್ಲ. ಒಂದೊಂದು ಕಣಿವೆಗೆ ಒಂದು ತೋಟ, ತೋಟದ ತಲೆಗೆ ಒಂದು ಮನೆ, ಮುಂದಿನ ಮನೆ ಗುಡ್ಡದಾಚೆ. ಮೂರು ಮನೆಗೆ ಕರೆಂಟು ಕೊಡಲು ಮೂರು ಕಿಲೋಮೀಟರ್ ಕಂಬ ನೆಡಬೇಕು. ಆ ಕಂಬ ನೆಡುವ ಜಾಗ 1972ರಿಂದ ಅಭಯಾರಣ್ಯ. 2019ರಲ್ಲಿ ಅದನ್ನು ವಿಸ್ತರಿಸಿ ಸಿಂಗಳೀಕ ಅಭಯಾರಣ್ಯ ಮಾಡಿದರು. ಅಲ್ಲಿ ತಂತಿ ಎಳೆಯಲು ಮರ ಸವರಬೇಕು, ಮರ ಸವರಲು ಅನುಮತಿ ಬೇಕು, ಅನುಮತಿಯ ಕಡತ ಯಾವ ಮೇಜಿನ ಮೇಲಿದೆ ಎಂದು ಕೇಳಲು ಇನ್ನೊಂದು ಅರ್ಜಿ ಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಗ್ರಾಮಸಭೆ ಶಿಫಾರಸು ಮಾಡಿದರೆ ವಿದ್ಯುತ್ ಲೈನಿನಂಥ ಸೌಕರ್ಯಕ್ಕೆ ಒಂದು ಹೆಕ್ಟೇರಿನೊಳಗೆ ಜಾಗ ಕೊಡಬಹುದು ಎಂದಿದೆ. ಅದೇ ಕಾಯ್ದೆ, ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು ಜಮೀನಿನ ಹಕ್ಕು ಕೇಳಿದರೆ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಿ ಎನ್ನುತ್ತದೆ. ಸರ್ಕಾರವೇ 1960ರ ದಶಕದಲ್ಲಿ ಎಬ್ಬಿಸಿ ಗುಡ್ಡಕ್ಕೆ ಕಳಿಸಿದವರು ಆ ಗುಡ್ಡದಲ್ಲಿ 75 ವರ್ಷದ ದಾಖಲೆ ಎಲ್ಲಿಂದ ತರಬೇಕು?

ಇನ್ನೊಂದು ತಮಾಷೆ. 2018ರ ಏಪ್ರಿಲ್‌ನಲ್ಲಿ ದೇಶದ ಎಲ್ಲ ಹಳ್ಳಿಗಳಿಗೂ ವಿದ್ಯುತ್ ಮುಟ್ಟಿತು ಎಂದು ಘೋಷಣೆಯಾಯಿತು. ಸುಳ್ಳಲ್ಲ. ಊರಿನ ಶೇ 10ರಷ್ಟು ಮನೆಗಳಿಗೆ ಮತ್ತು ಶಾಲೆ, ಪಂಚಾಯಿತಿಯಂಥ ಕಟ್ಟಡಗಳಿಗೆ ಸಂಪರ್ಕವಿದ್ದರೆ ಇಡೀ ಊರು ವಿದ್ಯುದೀಕರಣವಾದ ಹಾಗೆ ಎಂಬುದು ಲೆಕ್ಕದ ಕ್ರಮ. ಗುಡ್ಡದಾಚೆಯ ಮನೆ ಆ ಲೆಕ್ಕದೊಳಗೆ ಕತ್ತಲಲ್ಲೇ ಕೂತು ವಿದ್ಯುದೀಕರಣಗೊಂಡಿತು.

ಹಾಗಾದರೆ ಅಲ್ಲಿ ಉರಿಯುವ ದೀಪ ಯಾವುದು? ಕೆಲವು ಕಡೆ ಸೋಲಾರ್. ಮನೆಯ ಹಿಂದೆ ವರ್ಷದ ಬಹುಪಾಲು ಹರಿಯುವ ಹಳ್ಳವಿದ್ದವರ ಮನೆಯಲ್ಲಿ ಟರ್ಬೈನ್. ಘಟ್ಟದಂಚಿನ ಅಂಥದೊಂದು ಅಡಿಕೆ ತೋಟದ ಮನೆಯಲ್ಲಿ ಉಳಿದಿದ್ದೆ. ಜಮೀನಿನ ಅರ್ಜಿ ಇನ್ನೂ ಇತ್ಯರ್ಥವಾಗದ ಕಾರಣ ಹೆಸರು ಬೇಡ ಎಂದಿದ್ದಾರೆ, ಹಾಕುವುದಿಲ್ಲ.

ಮನೆಯಿಂದ ಹತ್ತು ನಿಮಿಷ ಏರಿದರೆ ಹಳ್ಳಕ್ಕೆ ಕಲ್ಲು ಪೇರಿಸಿ ಮಾಡಿದ ಸಣ್ಣ ಕಟ್ಟು. ಪಕ್ಕದಲ್ಲಿ ಸಿಮೆಂಟಿನ ತೊಟ್ಟಿ, ಅದರ ಬಾಯಿಗೆ ಜಾಲರಿ. ಅಲ್ಲಿಂದ ಪೈಪು ಗುಡ್ಡ ಇಳಿದು ತೋಟದ ಮೂಲೆಯ ತಗಡಿನ ಗೂಡಿಗೆ ಬರುತ್ತದೆ. ಗೂಡಿನೊಳಗೆ ಸುತ್ತ ಬಟ್ಟಲು ಜೋಡಿಸಿದ ಒಂದು ಚಕ್ರ, ಅದಕ್ಕೆ ಸೇರಿದ ಜನರೇಟರ್. ಪೈಪಿನ ಕಿರಿದಾದ ಮೂತಿಯಿಂದ ಚಿಮ್ಮಿದ ನೀರು ಬಟ್ಟಲಿಗೆ ಬಡಿದು ಚಕ್ರ ತಿರುಗಿಸುತ್ತದೆ, ಆಮೇಲೆ ತೋಟದ ಕಾಲುವೆಗೆ ಹೋಗುತ್ತದೆ. ಲಿಂಗನಮಕ್ಕಿಯ ಕೆಳಗೆ ನಡೆಯುವುದೂ ಇದೇ, ಅಳತೆ ಮಾತ್ರ ಬೇರೆ. ಸೆಕೆಂಡಿಗೆ 6 ಲೀಟರ್ ನೀರು 30 ಮೀಟರ್ ಎತ್ತರದಿಂದ ಇಳಿದರೆ ಲೆಕ್ಕದಲ್ಲಿ ಸುಮಾರು 1760 ವಾಟ್ ಸಿಗಬೇಕು. ಪೈಪಿನ ಘರ್ಷಣೆ, ಚಕ್ರ, ಜನರೇಟರ್ ತಮ್ಮ ತಮ್ಮ ಪಾಲು ಹಿಡಿದುಕೊಂಡು ಮನೆಗೆ ಅರ್ಧದಷ್ಟು, 800–900 ವಾಟ್ ಬಿಡುತ್ತವೆ. ಕಡಿಮೆ ಅನ್ನಿಸಬಹುದು. ಆದರೆ ಇದು ಹಗಲು ರಾತ್ರಿ ಎನ್ನದೆ ಹರಿಯುವ ಕರೆಂಟು. ದಿನಕ್ಕೆ ಹತ್ತಿರಹತ್ತಿರ 20 ಯೂನಿಟ್. ಪೇಟೆಯ ಮಧ್ಯಮವರ್ಗದ ಮನೆಗೂ ಅಷ್ಟು ಬೇಡ.

ತೊಡಕು ಇರುವುದು ಒಟ್ಟು ಮೊತ್ತದಲ್ಲಲ್ಲ, ಒಂದೇ ಗಳಿಗೆಗೆ ಎಲ್ಲವೂ ಬೇಕಾದಾಗ. ಬೆಳಿಗ್ಗೆ ದೋಸೆ ಹಿಟ್ಟು ರುಬ್ಬಲು ಮಿಕ್ಸಿ ಹಾಕುವ ಮೊದಲು ಅಡುಗೆಮನೆಯಿಂದ ಕೂಗು ಬರುತ್ತದೆ: ‘ಅಪ್ಪೀ, ಫ್ರಿಜ್ಜು ಬಂದ್ ಮಾಡು.’ ಇಸ್ತ್ರಿಪೆಟ್ಟಿಗೆ ಈ ಮನೆಯಲ್ಲಿ ಕೆಂಡದ್ದೇ. ಅತಿಥಿಗಳು ಕೂದಲು ಒಣಗಿಸುವ ಯಂತ್ರ ತಂದರೆ ಅದು ಚೀಲದಲ್ಲೇ ಉಳಿಯಬೇಕು. ಇನ್ನು ಯಾರೂ ಏನೂ ಬಳಸದಿದ್ದರೂ ಕಷ್ಟ. ಭಾರ ಇಳಿದರೆ ಚಕ್ರ ಹುಚ್ಚೆದ್ದು ಓಡಿ ವೋಲ್ಟೇಜ್ ಏರಿ ಬಲ್ಬುಗಳು ಸುಟ್ಟುಹೋಗುತ್ತವೆ. ಅದಕ್ಕೇ ಗೋಡೆಯ ಮೇಲೊಂದು ನಿಯಂತ್ರಕ ಪೆಟ್ಟಿಗೆ ಇದೆ. ಉಳಿದ ಕರೆಂಟನ್ನು ಅದು ಬಚ್ಚಲಿನ ಡ್ರಮ್ಮಿನಲ್ಲಿ ಮುಳುಗಿಸಿಟ್ಟ ಕಾಯಿಲ್‌ಗೆ ತಿರುಗಿಸುತ್ತದೆ. ಮಳೆಗಾಲವಿಡೀ ಸ್ನಾನಕ್ಕೆ ಬಿಸಿನೀರು ಹೀಗೆ ಪುಕ್ಕಟೆ. ಹಂಡೆ ಒಲೆಗೆ ಬೇಕಿದ್ದ ಕಟ್ಟಿಗೆ ಉಳಿಯಿತು. ಈ ಮನೆಯ ಹೆಂಗಸರು ಟರ್ಬೈನನ್ನು ಹೊಗಳುವುದು ದೀಪಕ್ಕಾಗಿ ಅಲ್ಲ, ಈ ಬಿಸಿನೀರಿಗಾಗಿ.

ಜುಲೈಯ ರಾತ್ರಿ ಹನ್ನೊಂದಕ್ಕೆ ಬಲ್ಬು ಮಂದವಾದರೆ ಯಾರಿಗೂ ಫೋನ್ ಮಾಡುವ ಹಾಗಿಲ್ಲ. ಎಲೆ ಬಂದು ಜಾಲರಿಗೆ ಕೂತಿದೆ ಎಂದರ್ಥ. ಕಂಬಳಿಕೊಪ್ಪೆಯ ಜಾಗಕ್ಕೆ ಈಗ ರೇನ್‌ಕೋಟ್ ಬಂದಿದೆ, ಉಂಬಳ ಮಾತ್ರ ಹಾಗೇ ಇವೆ. ಹಿಡಿ ಹೊಗೆಸೊಪ್ಪು ಕಾಲಿಗೆ ತಿಕ್ಕಿಕೊಂಡು, ಟಾರ್ಚ್ ಹಿಡಿದು, ಗುಡ್ಡ ಹತ್ತಿ, ತೊಟ್ಟಿಗೆ ತೋಳು ಇಳಿಸಿ ಕಸ ಬಾಚಬೇಕು. ಕೆಲವೊಮ್ಮೆ ಎಲೆಯಲ್ಲ, ಒಂದು ಬೆಣಚುಕಲ್ಲಿನ ಚೂರು ಪೈಪಿನ ಮೂತಿಗೇ ಸಿಕ್ಕಿಕೊಂಡಿರುತ್ತದೆ. ಆಗ ಗೂಡಿಗೆ ಇಳಿದು ವಾಲ್ವ್ ಕಟ್ಟಿ, ಸ್ಪ್ಯಾನರ್‌ನಲ್ಲಿ ಮೂತಿ ಬಿಚ್ಚಿ, ಕಲ್ಲು ತಟ್ಟಿ ತೆಗೆದು ಮತ್ತೆ ಕೂರಿಸಬೇಕು. ‘ನಮ್ಮನೆ ಲೈನ್‌ಮ್ಯಾನ್ ನಾನೇ, ಸಂಬಳ ಒಂದೇ ಇಲ್ಲ’ ಎಂದರು ಯಜಮಾನರು. ವಯಸ್ಸು ಎಪ್ಪತ್ತರ ಹತ್ತಿರ. ಮಗ ಬೆಂಗಳೂರಿಗೆ ಹೋದರೆ ಈ ಗುಡ್ಡ ಯಾರು ಹತ್ತುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಬರಲಿಲ್ಲ.

ಡಿಸೆಂಬರ್ ಕಳೆದಂತೆ ಹಳ್ಳ ಸೊರಗುತ್ತದೆ. ಕೊನೆಕೊಯ್ಲು ಆಗಿ ಅಡಿಕೆ ಸುಲಿಯುವ ಯಂತ್ರಕ್ಕೆ ಕರೆಂಟು ಬೇಕಾಗುವುದೂ ಸರಿಸುಮಾರು ಆಗಲೇ. ಹಾಗಾಗಿ ಸುಲಿಯುವ ಕೆಲಸಕ್ಕೆ ಎಂಜಿನ್, ಬೇಯಿಸುವುದಕ್ಕೆ ಎಂದಿನಂತೆ ಕಟ್ಟಿಗೆ. ಫೆಬ್ರುವರಿ ನಂತರ ಟರ್ಬೈನ್‌ಗೆ ರಜೆ, ಸೋಲಾರ್‌ಗೆ ಕೆಲಸ. ಮಳೆಗಾಲದಲ್ಲಿ ಮೋಡ ಮುಚ್ಚಿ ಪಾಚಿಗಟ್ಟುವ ಫಲಕಗಳು ಬೇಸಿಗೆಯಲ್ಲಿ ಚೆನ್ನಾಗಿ ದುಡಿಯುತ್ತವೆ. ನೀರು ಇರುವಾಗ ಬಿಸಿಲಿಲ್ಲ, ಬಿಸಿಲಿರುವಾಗ ನೀರಿಲ್ಲ ಎಂಬ ಮಲೆನಾಡಿನ ಹಳೆಯ ಗೋಳು ಇಲ್ಲಿ ಅನುಕೂಲವೇ ಆಯಿತು. ಎರಡೂ ಇದ್ದವರಿಗೆ ವರ್ಷ ತುಂಬುತ್ತದೆ. ಒಂದೇ ಇದ್ದವರಿಗೆ ಅರ್ಧ ವರ್ಷ. ಬ್ಯಾಟರಿಯದು ಬೇರೆಯೇ ಕಥೆ. 150 ಆಂಪಿಯರ್-ಅವರ್‌ನ 12 ವೋಲ್ಟ್ ಬ್ಯಾಟರಿಯಲ್ಲಿ ಹಿಡಿಯುವುದು 1.8 ಯೂನಿಟ್; ಬಾಳಿಕೆ ಬರಬೇಕಾದರೆ ಅದರಲ್ಲೂ ಅರ್ಧವಷ್ಟೇ ಖರ್ಚು ಮಾಡಬೇಕು. ಡಿಸ್ಟಿಲ್ಡ್ ವಾಟರ್ ತುಂಬುವುದು ಮರೆತರೆ ಬೇಗ ಸಾಯುತ್ತದೆ. ಏಪ್ರಿಲ್, ಮೇಯ ಸಿಡಿಲಿಗೆ ಇನ್ವರ್ಟರ್ ಸುಟ್ಟರೆ ಸಾಗರಕ್ಕೆ ಹೊತ್ತೊಯ್ಯಬೇಕು. ಕರೆಂಟು ಬಿಲ್ ಇಲ್ಲ ಎನ್ನುವ ಮಾತು ಅರ್ಧ ಸತ್ಯ. ಬಿಲ್ಲು ತಿಂಗಳಿಗೊಮ್ಮೆ ಬರುವ ಬದಲು ನಾಲ್ಕೈದು ವರ್ಷಕ್ಕೊಮ್ಮೆ ಒಟ್ಟಿಗೆ ಬರುತ್ತದೆ.

ಒಲೆಯ ವಿಷಯ. ಘಟ್ಟದ ಮೇಲಿನ ತೋಟದ ಸೀಮೆ, ಅದರಲ್ಲೂ ಶಿರಸಿಯ ಸುತ್ತಮುತ್ತ, ಗೋಬರ್ ಗ್ಯಾಸಿಗೆ ಹೆಸರಾದದ್ದು. ಎರಡು ಘನಮೀಟರ್ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು. ನಾಲ್ಕೈದು ದೊಡ್ಡ ದನವಿದ್ದರೆ ಸಾಕು. ಆದರೆ ಇಲ್ಲಿಯದು ಮಲೆನಾಡು ಗಿಡ್ಡ. ಚಿಕ್ಕ ಮೈ, ಕಡಿಮೆ ಸಗಣಿ, ಹಗಲಿಡೀ ಕಾಡಿನಲ್ಲಿ ಮೇದು ಅಲ್ಲೇ ಹಾಕಿ ಬರುತ್ತದೆ. ಕೊಟ್ಟಿಗೆಯಲ್ಲಿ ರಾತ್ರಿ ಬಿದ್ದದ್ದಷ್ಟೇ ಲೆಕ್ಕಕ್ಕೆ. ಹಟ್ಟಿ ತುಂಬ ದನ ಇದ್ದ ಕಾಲದಲ್ಲಿ ನಡೆಯಿತು. ದನ ಕಾಯುವವರಿಲ್ಲದೆ ಕೊಟ್ಟಿಗೆ ಖಾಲಿಯಾದ ಮನೆಗಳಲ್ಲಿ ಗುಂಡಿಗಳು ಬಾಯಿತೆರೆದು ಕೂತಿವೆ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಕೇಂದ್ರ ಹಳ್ಳಿಯ ಇಂಧನದ ಬಗ್ಗೆ ತಲೆಕೆಡಿಸಿಕೊಂಡಿತ್ತು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರ ದನಗಳ ಸಗಣಿಯಿಂದ ಎಂಜಿನ್ ಓಡಿಸಿ ದೀಪ ಮತ್ತು ನಲ್ಲಿನೀರು ಕೊಟ್ಟು ತೋರಿಸಿತ್ತು. ಅದೇ ಕೇಂದ್ರದ ಅಸ್ತ್ರ ಒಲೆ ಮಲೆನಾಡಿನ ಎಷ್ಟೋ ಅಡುಗೆಮನೆಗಳ ಹೊಗೆ ತಗ್ಗಿಸಿತು. ಈ ಮನೆಯಲ್ಲಿ ಅಸ್ತ್ರ ಒಲೆ, ಗೋಬರ್ ಗ್ಯಾಸ್, ಪಕ್ಕದಲ್ಲಿ ಒಂದು ಸಿಲಿಂಡರ್, ಮೂರೂ ಇವೆ. ಶುದ್ಧ ಸ್ವಾವಲಂಬನೆ ಹುಡುಕಿ ಬಂದವರಿಗೆ ಆ ಸಿಲಿಂಡರ್ ಕಂಡು ಬೇಜಾರಾಗಬಹುದು. ಬೆಳಿಗ್ಗೆ ಐದಕ್ಕೆ ಕಾಫಿ ಬೇಕಾದವರಿಗೆ ಆಗುವುದಿಲ್ಲ.

ಇನ್ನು ಸುಖದ ಮಾತು. ಮೊದಲನೆಯದು ನೀರು. ಅಬ್ಬಿ ನೀರು ಇಲ್ಲಿ ಪಂಪಿಲ್ಲದೆ ಇಳಿದು ಬರುತ್ತದೆ. ಹಿಂದೆ ಅಡಿಕೆ ದಬ್ಬೆಯಲ್ಲಿ, ಈಗ ಕಪ್ಪು ಪೈಪಿನಲ್ಲಿ. ಬೋರ್‌ವೆಲ್, ಟ್ಯಾಂಕರ್ ಎಂಬ ಪದಗಳೇ ಬೇಕಿಲ್ಲ. ಎರಡನೆಯದು ಆಷಾಢದ ಗಾಳಿಮಳೆ. ಮರ ಬಿದ್ದು ತಂತಿ ಹರಿದು ತುಮರಿ ಕಡೆಯ ಲೈನಿನ ಮನೆಗಳು ದಿನಗಟ್ಟಲೆ ಕತ್ತಲಲ್ಲಿ ಕೂತಾಗ ಹಳ್ಳ ತುಂಬಿ ಹರಿಯುವ ಈ ಮನೆಯಲ್ಲಿ ಟಿ.ವಿ. ಓಡುತ್ತದೆ. ಆಗ ನೆಂಟರು ಮೊಬೈಲ್ ಚಾರ್ಜ್ ಮಾಡಲು ಇಲ್ಲಿಗೇ ಬರುತ್ತಾರೆ. ಆ ದಿನಗಳಲ್ಲಿ ಯಜಮಾನರ ಮುಖ ನೋಡಬೇಕು. ಮೂರನೆಯದನ್ನು ಹೇಳುವುದು ಸ್ವಲ್ಪ ಕಷ್ಟ. ಈ ಮನೆಯ ಹನ್ನೆರಡು ವರ್ಷದ ಹುಡುಗನಿಗೆ ಮಿಕ್ಸಿಗೆ ಎಷ್ಟು ವಾಟ್, ಫ್ಯಾನಿಗೆ ಎಷ್ಟು, ಇವತ್ತು ಹಳ್ಳದಲ್ಲಿ ಎಷ್ಟು ನೀರಿದೆ ಎಂಬುದು ಗೊತ್ತು. ಸ್ವಿಚ್ಚಿನ ಹಿಂದೆ ಏನಿದೆ ಎಂದು ಗೊತ್ತಿರುವ ಮಕ್ಕಳು ನಗರದಲ್ಲಿ ನನಗೆ ಸಿಕ್ಕಿಲ್ಲ, ಎಂಜಿನಿಯರಿಂಗ್ ಓದುವವರಲ್ಲೂ.

ಈ ಸುಖವನ್ನು ಕೇಳಿ ಬೆಂಗಳೂರಿನಿಂದ ಜಾಗ ಹುಡುಕಿಕೊಂಡು ಬರುವವರಿದ್ದಾರೆ. ಬರಲಿ. ಜಾಗ ನೋಡಲು ಅಕ್ಟೋಬರ್‌ನಲ್ಲಿ ಬರಬೇಡಿ, ಆಗ ಎಲ್ಲ ಹಳ್ಳವೂ ಚೆಂದ. ಮಾರ್ಚ್ ಕೊನೆಗೆ ಬನ್ನಿ. ಆಗಲೂ ಹಳ್ಳದಲ್ಲಿ ನೀರಿದ್ದರೆ, ಹಳ್ಳಕ್ಕೂ ಮನೆಗೂ ನಡುವೆ ಇಪ್ಪತ್ತು ಮೀಟರಾದರೂ ಇಳಿಜಾರಿದ್ದರೆ ಮಾತು ಮುಂದುವರಿಸಿ. ಕಾಗದಪತ್ರ ಆಮೇಲೆ, ಅತ್ಯಂತ ಎಚ್ಚರಿಕೆಯಿಂದ. ಹಾವು ಕಚ್ಚಿದರೆ ಆಸ್ಪತ್ರೆಗೆ ಎಷ್ಟು ಹೊತ್ತು ಎಂದು ನೆರೆಮನೆಯಲ್ಲಿ ಕೇಳಿ. ಸೇತುವೆ ಬರುವ ಮೊದಲು ಸಂಜೆ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದ ಮನೆಗಳ ಕಥೆ ಅವರೇ ಹೇಳುತ್ತಾರೆ.

ಲೈನ್ ಬಿಟ್ಟು ಬದುಕುವುದು ಬಂದವರಿಗೆ ಆಯ್ಕೆ, ಇದ್ದವರಿಗೆ ಹಾಗಲ್ಲ. ಇವರಲ್ಲಿ ಹೆಚ್ಚಿನವರು ನಾಳೆ ಕಂಬ ಬಂದರೆ ಸಂಪರ್ಕ ತೆಗೆದುಕೊಳ್ಳುತ್ತಾರೆ; ಟರ್ಬೈನನ್ನೂ ಇಟ್ಟುಕೊಳ್ಳುತ್ತಾರೆ. ಅದೇ ಸರಿಯಾದ ಬುದ್ಧಿ ಎಂದು ನನ್ನ ಲೆಕ್ಕ. ಇದೇ ಕಣಿವೆಯಲ್ಲಿ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಗೆ ಕಾಡು ಕೊಡಬಹುದೇ ಎಂಬ ಜಗಳ ನಡೆದಿದೆ. ಒಂದು ಮಜರೆಗೆ ನೆಲದಡಿ ಕೇಬಲ್ ಎಳೆಯಲು ಅಷ್ಟು ಕಾಡು ಬೇಡ.

ಕೇಬಲ್ ಬರುವವರೆಗೆ ಒಂದು ಕೆಲಸವನ್ನಾದರೂ ಮಾಡಬಹುದು. ಗೃಹಜ್ಯೋತಿಯಲ್ಲಿ 2023ರಿಂದ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ. ಮೀಟರೇ ಇಲ್ಲದ, ಆರ್.ಆರ್. ನಂಬರೇ ಇಲ್ಲದ ಮನೆಗೆ ಅದರಲ್ಲಿ ಒಂದು ಯೂನಿಟ್ಟೂ ಇಲ್ಲ. ಅಷ್ಟೇ ಮೊತ್ತವನ್ನು ಕೂಡಿಟ್ಟು ಕೆಲವು ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸಲು, ಟರ್ಬೈನ್ ರಿಪೇರಿಗೆ ಈ ಮನೆಗಳಿಗೆ ಕೊಡಲಿ. ಹೊಳೆ ಬಿಟ್ಟುಕೊಟ್ಟವರು ಕೇಳುತ್ತಿರುವುದು ಇಷ್ಟೇ.