ತಣ್ಣೀರಿನ ಮೇಲೆ ಗಾಳ ಹಾಕುವವನ ಉಡುಪು

ಕಡಲಿಗೆ ಬಿದ್ದವನು ಏಕೆ ಸಾಯುತ್ತಾನೆ ಎಂದು ಕೇಳಿದರೆ, ಈಜು ಬಾರದುದರಿಂದ ಎಂದು ನಮ್ಮಲ್ಲಿ ಬಹುಮಂದಿ ಉತ್ತರ ಕೊಡುತ್ತಾರೆ. ಮಲ್ಪೆಯಲ್ಲೋ ಕಾರವಾರದಲ್ಲೋ ಈ ಉತ್ತರ ಬಹುಮಟ್ಟಿಗೆ ಸರಿಯಾಗಿರಬಹುದು. ನಮ್ಮ ಕರಾವಳಿಯಲ್ಲಿ ಅರಬ್ಬೀ ಸಮುದ್ರದ ಮೇಲ್ನೀರಿನ ಉಷ್ಣತೆ ವರ್ಷದ ಬಹುಭಾಗ 27ರಿಂದ 30 ಡಿಗ್ರಿ ಸೆಂಟಿಗ್ರೇಡಿನಷ್ಟಿರುತ್ತದೆ. ಅಂಥ ನೀರಿನಲ್ಲಿ ಈಜಬಲ್ಲವನು ಬಹಳ ಹೊತ್ತು ತೇಲಿಕೊಂಡಿರಬಲ್ಲನು. ಆದರೆ ಉತ್ತರದ ಶೀತಸಾಗರಗಳ ಮಾತು ಬೇರೆ. ಅಲ್ಲಿ ಒಳ್ಳೆಯ ಈಜುಗಾರನು ಕೂಡ, ದಡ ಕಣ್ಣಿಗೆ ಕಾಣುತ್ತಿರುವಾಗಲೇ, ಕೆಲವು ನಿಮಿಷಗಳಲ್ಲಿ ಪ್ರಾಣ ಕಳೆದುಕೊಳ್ಳುವುದುಂಟು. 1912ರಲ್ಲಿ ಟೈಟಾನಿಕ್ ಹಡಗು ಮುಳುಗಿದಾಗ ಅಲ್ಲಿನ ನೀರಿನ ಉಷ್ಣತೆ ಸೊನ್ನೆಗಿಂತ ಸುಮಾರು 2 ಡಿಗ್ರಿ ಕೆಳಗಿತ್ತು. ಲೈಫ್ ಜಾಕೆಟ್ ತೊಟ್ಟಿದ್ದ ನೂರಾರು ಜನ ನೀರಿನ ಮೇಲೆ ತೇಲುತ್ತಲೇ ಇದ್ದರು. ಆದರೂ ಅವರಲ್ಲಿ ಬದುಕಿ ಉಳಿದವರು ಬೆರಳೆಣಿಕೆಯಷ್ಟು. ಅವರನ್ನು ಕೊಂದದ್ದು ಶೈತ್ಯ.

ಈ ಶೈತ್ಯದೊಡನೆ ಮನುಷ್ಯ ಹೇಗೆ ಹೆಣಗಬೇಕೆಂಬುದನ್ನು ತಿಳಿಯಲು ನಾವೊಂದು ಸಣ್ಣ ಪ್ರಶ್ನೆಯನ್ನು ಎತ್ತಿಕೊಳ್ಳೋಣ: ತಣ್ಣೀರಿನಲ್ಲಿ ಕಯಾಕ್ ದೋಣಿಯ ಮೇಲೆ ಕುಳಿತು ಮೀನು ಹಿಡಿಯುವವನು ಯಾವ ಬಟ್ಟೆ ತೊಡಬೇಕು? ಪ್ರಶ್ನೆ ದರ್ಜಿಗೆ ಸೇರಿದ್ದೆಂದು ತೋರಬಹುದು. ಉತ್ತರ ಮಾತ್ರ ಭೌತಶಾಸ್ತ್ರಕ್ಕೆ ಸೇರಿದ್ದು.

ಬಿಸಿಲಿನ ಮೋಸ

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಪ್ಯೂಜೆಟ್ ಸೌಂಡ್ ಎಂಬ ಕಡಲಚಾಚು ಇದೆ. ಹಿಮನದಿಗಳು ಕೊರೆದ ಈ ಆಳವಾದ ಕಣಿವೆಗೆ ಪೆಸಿಫಿಕ್ ಸಾಗರದ ತಣ್ಣೀರು ಒಳನುಗ್ಗುತ್ತದೆ. ಭರತ ಇಳಿತಗಳು ಅದನ್ನು ಮೇಲಕ್ಕೂ ಕೆಳಕ್ಕೂ ಕಲಕುತ್ತಿರುತ್ತವೆ. ಸಿಯಾಟಲ್ ನಗರವಿರುವುದು ಇದರ ದಂಡೆಯ ಮೇಲೆ. ಉದ್ಯೋಗ ವ್ಯಾಸಂಗಗಳಿಗಾಗಿ ಹೋಗಿ ಅಲ್ಲಿ ನೆಲೆಸಿದ ಕನ್ನಡಿಗರೂ ಅನೇಕರಿದ್ದಾರೆ. ಸಾಮನ್ ಮೊದಲಾದ ಮೀನುಗಳಿಗಾಗಿ ಕಯಾಕ್ ಏರಿ ಹೋಗುವುದು ಅಲ್ಲಿಯವರಿಗೆ ಪ್ರಿಯವಾದ ಹವ್ಯಾಸ. ಕಯಾಕ್ ಎಂದರೆ ಸಾಮಾನ್ಯವಾಗಿ ಒಬ್ಬನೇ ಕುಳಿತು, ಎರಡು ತುದಿಗೂ ಅಲಗುಳ್ಳ ಹುಟ್ಟಿನಿಂದ ನಡೆಸುವ ಕಿರಿದಾದ ದೋಣಿ. ಅದರ ಅಗಲ ಸಾಧಾರಣವಾಗಿ ಒಂದು ಮೀಟರಿಗಿಂತ ಕಡಮೆ. ದೊಡ್ಡ ಮೀನು ದಾರವನ್ನು ಪಕ್ಕಕ್ಕೆ ಜಗ್ಗಿದಾಗ, ಅಥವಾ ಅದನ್ನು ಬಲೆಯಲ್ಲಿ ಎತ್ತಲು ದೋಣಿಗಾರ ಬಾಗಿದಾಗ, ಗುರುತ್ವಕೇಂದ್ರ ಸ್ವಲ್ಪ ಆಚೆ ಸರಿದರೂ ಸಾಕು, ದೋಣಿ ಮಗುಚುತ್ತದೆ.

ವಸಂತಕಾಲದ ಒಂದು ಬಿಸಿಲಿನ ದಿನವನ್ನು ಊಹಿಸಿಕೊಳ್ಳೋಣ. ಗಾಳಿಯ ಉಷ್ಣತೆ 20 ಡಿಗ್ರಿ ದಾಟಿದೆ. ಹತ್ತಿಯ ಅಂಗಿಯೊಂದೇ ಸಾಕೆನಿಸುವಷ್ಟು ಹಿತವಾದ ಹವೆ. ಆದರೆ ದೋಣಿಯ ಕೆಳಗಿನ ನೀರಿನ ಉಷ್ಣತೆ ಕೇವಲ 10 ಅಥವಾ 11 ಡಿಗ್ರಿ. ಗಾಳಿಯೂ ನೀರೂ ಒಂದೇ ಸೂರ್ಯನ ಕೆಳಗಿರುವಾಗ ಈ ಅಂತರವೇಕೆ? ನೀರಿನ ವಿಶಿಷ್ಟೋಷ್ಣ ಹೆಚ್ಚು, ಸಾಂದ್ರತೆಯೂ ಹೆಚ್ಚು. ಒಂದು ಲೀಟರು ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಬೇಕಾಗುವ ಉಷ್ಣ, ಒಂದು ಲೀಟರು ಗಾಳಿಗೆ ಬೇಕಾದುದರ ಸುಮಾರು 3,500 ಪಟ್ಟು. ಆದುದರಿಂದ ಗಾಳಿ ಒಂದು ಬೆಳಗಿನಲ್ಲಿ ಕಾಯುತ್ತದೆ. ಕಡಲು ಕಾಯಲು ತಿಂಗಳುಗಳೇ ಬೇಕು. ಬೆನ್ನಿಗೆ ತಗಲುವ ಬಿಸಿಲು ನೀರಿನ ವಿಷಯವಾಗಿ ನಮಗೇನನ್ನೂ ತಿಳಿಸುವುದಿಲ್ಲ. ಗಾಳಿಯನ್ನು ನೋಡಿ ಬಟ್ಟೆ ತೊಟ್ಟು ಹೊರಟವನು ಮೋಸ ಹೋಗುವುದು ಇಲ್ಲಿಯೇ.

ನೀರು ಉಷ್ಣವನ್ನು ಸೆಳೆಯುವ ಬಗೆ

25 ಡಿಗ್ರಿಯ ಗಾಳಿಯಿರುವ ಕೋಣೆಯಲ್ಲಿ ಕುಳಿತರೆ ನಮಗೆ ಚಳಿಯಾಗುವುದಿಲ್ಲ. ಅದೇ ಉಷ್ಣತೆಯ ನೀರನ್ನು ತಲೆಯ ಮೇಲೆ ಹೊಯ್ದುಕೊಂಡರೆ ಮೈ ಜುಮ್ಮೆನ್ನುತ್ತದೆ. ನೀರಿನ ಉಷ್ಣವಾಹಕತೆ ಗಾಳಿಯದರ ಸುಮಾರು 24 ಪಟ್ಟು ಇರುವುದೇ ಇದಕ್ಕೆ ಮುಖ್ಯ ಕಾರಣ. ಹೀಗೆ ಸೆಳೆದ ಉಷ್ಣವನ್ನೆಲ್ಲ ತನ್ನಲ್ಲಿ ಇಟ್ಟುಕೊಂಡೂ ನೀರು ತಾನು ಬಿಸಿಯಾಗುವುದು ಅತ್ಯಲ್ಪ. ಅಲೆಗಳಿದ್ದರಂತೂ, ಚರ್ಮಕ್ಕೆ ಅಂಟಿದ್ದು ತುಸು ಬೆಚ್ಚಗಾದ ನೀರಿನ ಪದರವೂ ಕ್ಷಣಕ್ಷಣಕ್ಕೆ ತೊಳೆದುಹೋಗಿ ಹೊಸ ತಣ್ಣೀರು ಆ ಸ್ಥಳವನ್ನು ಆಕ್ರಮಿಸುತ್ತದೆ.

ಇಂಥ ನೀರಿಗೆ ಬಿದ್ದವನ ದೇಹದಲ್ಲಿ ಮೂರು ಘಟ್ಟಗಳನ್ನು ಕಾಣಬಹುದು. ಮೊದಲನೆಯದು ಶೀತದ ಆಘಾತ. ಚರ್ಮ ತಟಕ್ಕನೆ ತಣ್ಣಗಾದೊಡನೆ ಮನುಷ್ಯ ತನ್ನ ಇಚ್ಛೆಯನ್ನು ಮೀರಿ ಏದುಸಿರೆಳೆಯುತ್ತಾನೆ. ಒಂದೇ ಸಲಕ್ಕೆ 2-3 ಲೀಟರು ಗಾಳಿ ಒಳಹೋಗಬಹುದು. ಆ ಕ್ಷಣದಲ್ಲಿ ಬಾಯಿ ನೀರಿನೊಳಗಿದ್ದರೆ ಒಳಹೋಗುವುದು ನೀರು. ಎದೆಬಡಿತವೂ ರಕ್ತದ ಒತ್ತಡವೂ ಏರುತ್ತವೆ. ಉಸಿರು ಹಿಡಿತಕ್ಕೆ ಬರುವುದಕ್ಕೆ ಒಂದು ನಿಮಿಷ ಅಥವಾ ಇನ್ನೂ ಸ್ವಲ್ಪ ಹೊತ್ತು ಹಿಡಿಯುತ್ತದೆ. ಎರಡನೆಯದು ಕೈಕಾಲುಗಳ ಸೋಲು. ಒಳಗಿನ ಅಂಗಗಳನ್ನು ಬೆಚ್ಚಗಿಡಲು ದೇಹವು ಕೈಕಾಲುಗಳಿಗೆ ಹರಿಯುವ ರಕ್ತವನ್ನು ಕಡಮೆ ಮಾಡುತ್ತದೆ. ಬೆರಳುಗಳು ಮರಗಟ್ಟಿ, ತೋಳುಗಳು ಬೀಸಲಾರದಾಗುತ್ತವೆ. ಮೂರನೆಯದು ದೇಹದ ಒಳ ಉಷ್ಣತೆ 37 ಡಿಗ್ರಿಯಿಂದ 35ಕ್ಕಿಂತ ಕೆಳಗಿಳಿಯುವುದು; ಅದು ಇನ್ನೂ ಇಳಿದಂತೆ ಅರಿವು ಮಂಕಾಗಿ ಕೊನೆಗೆ ತಪ್ಪುತ್ತದೆ. ಕೆನಡದ ಮ್ಯಾನಿಟೋಬ ವಿಶ್ವವಿದ್ಯಾನಿಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ವಿಜ್ಞಾನಿ ಇದನ್ನು ನೆನಪಿಡಲು ಸುಲಭವಾದ ಒಂದು ಸೂತ್ರವನ್ನು ಪ್ರಚಾರಕ್ಕೆ ತಂದಿದ್ದಾನೆ: ಉಸಿರನ್ನು ಹತೋಟಿಗೆ ತರಲು 1 ನಿಮಿಷ, ಕೈಕಾಲುಗಳು ಉಪಯೋಗಕ್ಕೆ ಬರುವುದು 10 ನಿಮಿಷ, ಅರಿವು ತಪ್ಪುವುದಕ್ಕೆ ಮುನ್ನ 1 ಗಂಟೆ. ಅತಿ ತಣ್ಣನೆಯ ನೀರಿಗೆ ಹೇಳಿದ ಸ್ಥೂಲವಾದ ಲೆಕ್ಕ ಇದು.

ಈ ಸೂತ್ರದಿಂದ ಒಂದು ಮುಖ್ಯವಾದ ಸಂಗತಿ ಹೊರಡುತ್ತದೆ. ಲೈಫ್ ಜಾಕೆಟ್ ಇಲ್ಲದವನು ಮೂರನೆಯ ಘಟ್ಟವನ್ನು ಮುಟ್ಟುವುದೇ ಇಲ್ಲ. ಮೊದಲನೆಯದರಲ್ಲೋ ಎರಡನೆಯದರಲ್ಲೋ ಮುಳುಗಿಬಿಡುತ್ತಾನೆ. ಮನುಷ್ಯನ ದೇಹದ ಸಾಂದ್ರತೆ ನೀರಿನದಕ್ಕೆ ಬಹು ಸಮೀಪ. ಆದುದರಿಂದ ವಯಸ್ಕನೊಬ್ಬನ ಮುಖವನ್ನು ನೀರಿನಿಂದ ಮೇಲೆ ಹಿಡಿಯಲು ಸುಮಾರು 7 ಕಿಲೋಗ್ರಾಂ ತೂಕಕ್ಕೆ ಸಮನಾದ ಮೇಲೊತ್ತಡವೇ ಸಾಕು. ಆದರೆ ಜಾಕೆಟ್ಟು ದೋಣಿಯ ಹಿಂಭಾಗದಲ್ಲಿ ಕಟ್ಟಿದ್ದರೆ ಪ್ರಯೋಜನವಿಲ್ಲ. ಮರಗಟ್ಟಿದ ಬೆರಳುಗಳಿಂದ ನೀರಿನಲ್ಲಿ ಗುಂಡಿ ಹಾಕಿಕೊಳ್ಳುವುದು ಆಗದ ಮಾತು. ಮೈಮೇಲೆ ತೊಟ್ಟದ್ದು ಮಾತ್ರ ಬಿದ್ದ ಕ್ಷಣದಲ್ಲಿ ನೆರವಿಗೆ ಬರುತ್ತದೆ.

ಹಳೆಯ ಜಾಣ್ಮೆ, ಹೊಸ ಉಡುಪು

ಕಯಾಕ್ ಇಂದಿನ ಕ್ರೀಡಾಪ್ರಿಯರು ಕಂಡುಹಿಡಿದ ದೋಣಿಯಲ್ಲ. ಉತ್ತರಧ್ರುವ ಪ್ರದೇಶದ ಇನ್ಯುಯಿಟ್ ಜನ ಕಡಲಲ್ಲಿ ತೇಲಿಬಂದ ಮರದ ತುಂಡುಗಳಿಂದ ಚೌಕಟ್ಟು ಕಟ್ಟಿ, ಸೀಲ್ ಪ್ರಾಣಿಯ ಚರ್ಮವನ್ನು ಹೊದಿಸಿ ಇದನ್ನು ರಚಿಸಿದರು. ದೋಣಿಯಷ್ಟೇ ಜಾಣತನ ಅವರ ಉಡುಪಿನಲ್ಲಿಯೂ ಇತ್ತು. ಗ್ರೀನ್‌ಲೆಂಡಿನ ಬೇಟೆಗಾರ ತೊಡುತ್ತಿದ್ದ ಟುಯಿಲಿಕ್ ಎಂಬ ಚರ್ಮದ ಅಂಗಿಯನ್ನು ಮುಖದ ಸುತ್ತ, ಮಣಿಕಟ್ಟಿನ ಸುತ್ತ, ಮತ್ತು ಅವನು ಕುಳಿತ ಕಂಡಿಯ ಅಂಚಿನ ಸುತ್ತ ಬಿಗಿದು ಕಟ್ಟಲಾಗುತ್ತಿತ್ತು. ದೋಣಿ ಮಗುಚಿದರೂ ನೀರು ಒಳಗೆ ಬಾರದು. ಹುಟ್ಟನ್ನು ಬೀಸಿ ಅವನು ಮತ್ತೆ ಮೇಲೇಳುತ್ತಿದ್ದನು. ಅಲ್ಯೂಷಿಯನ್ ದ್ವೀಪಗಳ ಜನ ಕಡಲಪ್ರಾಣಿಗಳ ಕರುಳನ್ನು ಸೀಳಿ, ಒಣಗಿಸಿ, ನೀರು ನುಸುಳದಂತೆ ಹೊಲಿದು ಹಗುರವಾದ ಅಂಗಿಗಳನ್ನು ಮಾಡಿಕೊಂಡಿದ್ದರು. ಇವರೆಲ್ಲರೂ ಅನುಸರಿಸಿದ ನಿಯಮ ಒಂದೇ: ಉಡುಪು ನೀರಿಗೆ ತಕ್ಕುದಾಗಿರಬೇಕು.

ಇಂದಿನ ಉಡುಪುಗಳಲ್ಲಿ ಎರಡು ಬಗೆ. ಮೊದಲನೆಯದು ವೆಟ್‌ಸೂಟ್. ಇದರ ಮೂಲದಲ್ಲಿ ಒಬ್ಬ ಭೌತವಿಜ್ಞಾನಿಯಿದ್ದಾನೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಹ್ಯೂ ಬ್ರ್ಯಾಡ್ನರ್ 1950ರ ದಶಕದ ಮೊದಲಲ್ಲಿ, ಮುಳುಗುಗಾರರ ಮೈ ಒಣಗಿರಲೇಬೇಕೆಂಬ ನಿಯಮವಿಲ್ಲವೆಂದು ಮನಗಂಡನು. ಚರ್ಮ ಒದ್ದೆಯಾದರೆ ಆಗಲಿ; ಬಟ್ಟೆಯೊಳಗೆ ಅನಿಲದ ಸಣ್ಣ ಗುಳ್ಳೆಗಳನ್ನು ಸೆರೆಹಿಡಿದಿದ್ದರೆ ಅವೇ ಉಷ್ಣವನ್ನು ತಡೆಯುತ್ತವೆ. ನಿಯೋಪ್ರೀನ್ ಎಂಬ ಕೃತಕ ರಬ್ಬರಿನ ನೊರೆಹಾಳೆ ಇದಕ್ಕೆ ಒದಗಿತು. ಉಡುಪು ಮೈಗೆ ಬಿಗಿಯಾಗಿದ್ದರೆ ಒಳಸೇರಿದ ತೆಳುವಾದ ನೀರು ಅಲ್ಲಿಯೇ ನಿಂತು ಬೆಚ್ಚಗಾಗುತ್ತದೆ. ಸಡಿಲವಾಗಿದ್ದರೆ ತಣ್ಣೀರು ಒಳಗೂ ಹೊರಗೂ ಹರಿದು ಉಡುಪು ನಿಷ್ಫಲವಾಗುತ್ತದೆ.

ಎರಡನೆಯದು ಡ್ರೈಸೂಟ್. ಇದು ನೀರು ನುಸುಳದ ಹೊರ ಅಂಗಿ. ಕತ್ತು ಮತ್ತು ಮಣಿಕಟ್ಟುಗಳಲ್ಲಿ ರಬ್ಬರಿನ ಬಿಗಿಪಟ್ಟಿಗಳಿರುತ್ತವೆ. ಉತ್ತಮ ಬಗೆಯವುಗಳ ಬಟ್ಟೆಯಲ್ಲಿ ಬೆವರಿನ ಆವಿ ಹೊರಹೋಗುವಂತೆಯೂ ನೀರಿನ ಹನಿ ಒಳಬಾರದಂತೆಯೂ ಏರ್ಪಾಡಿರುತ್ತದೆ. ಆದರೆ ಈ ಅಂಗಿ ತಾನಾಗಿ ಬೆಚ್ಚಗಿಡುವುದಿಲ್ಲ; ಅದರ ಕೆಲಸ ಒಳಗಿನ ಬಟ್ಟೆಯನ್ನು ಒಣಗಿಡುವುದಷ್ಟೆ. ಬೆಚ್ಚಗಿಡುವುದು ಒಳಗಿನ ಉಣ್ಣೆಯೋ ತುಪ್ಪುಳದಂಥ ಕೃತಕ ನೂಲಿನ ಬಟ್ಟೆಯೋ ಹಿಡಿದಿಟ್ಟ ಗಾಳಿ.

ಇವೆರಡರ ತಾರತಮ್ಯವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಪದರವೊಂದರ ಮೂಲಕ ಸೆಕೆಂಡಿಗೆ ಹರಿಯುವ ಉಷ್ಣವನ್ನು ಪಡೆಯಲು, ಅದರ ವಾಹಕತೆಯನ್ನು ವಿಸ್ತಾರದಿಂದಲೂ ಉಷ್ಣತೆಯ ವ್ಯತ್ಯಾಸದಿಂದಲೂ ಗುಣಿಸಿ ದಪ್ಪದಿಂದ ಭಾಗಿಸಬೇಕು. ಚರ್ಮದ ವಿಸ್ತಾರ 1.8 ಚದರ ಮೀಟರ್, ಚರ್ಮ 30 ಡಿಗ್ರಿ, ನೀರು 10 ಡಿಗ್ರಿ ಎಂದಿಟ್ಟುಕೊಳ್ಳೋಣ. ನಿಯೋಪ್ರೀನ್ ನೊರೆಯ ವಾಹಕತೆ ಸುಮಾರು 0.05, 5 ಮಿಲಿಮೀಟರ್ ದಪ್ಪಕ್ಕೆ 360 ವಾಟ್ ಉಷ್ಣ ಹೊರಹೋಗುತ್ತದೆ. ಡ್ರೈಸೂಟಿನೊಳಗೆ ಗಾಳಿ ತುಂಬಿದ 1 ಸೆಂಟಿಮೀಟರ್ ದಪ್ಪದ ಬಟ್ಟೆಗೆ ವಾಹಕತೆ 0.04 ಎಂದು ಹಿಡಿದರೆ 144 ವಾಟ್ ಬರುತ್ತದೆ. ನೀರಿನ ಒತ್ತಡದಿಂದ ಬಟ್ಟೆ ಅಮುಕಿದರೆ ಇದು ಇನ್ನಷ್ಟು ಏರುತ್ತದೆ. ಸುಮ್ಮನೆ ಕುಳಿತ ಮನುಷ್ಯನ ದೇಹ ಉತ್ಪಾದಿಸುವುದು ಸುಮಾರು 100 ವಾಟ್. ನಡುಕದಿಂದ ಅದು ಕೆಲವು ಪಟ್ಟು ಹೆಚ್ಚಬಹುದು. ಹೀಗಾಗಿ ಯಾವ ಉಡುಪೂ ಶೈತ್ಯವನ್ನು ಗೆಲ್ಲುವುದಿಲ್ಲ. ಅದು ಕಾಲವನ್ನು ಗಳಿಸಿಕೊಡುತ್ತದೆ. ದೋಣಿಯನ್ನು ಮತ್ತೆ ಏರಲು, ಸಹಾಯ ಬರುವವರೆಗೆ ಕಾಯಲು ಆ ಕಾಲವೇ ಆಧಾರ. ಮೊದಲ ಏದುಸಿರಿನ ತೀವ್ರತೆಯೂ ಅದರಿಂದ ತಗ್ಗುತ್ತದೆ.

ಕುಳಿತೇ ಇರುವವನ ತೊಂದರೆ

ಮೀನು ಹಿಡಿಯುವವನಿಗೆ ಇನ್ನೊಂದು ವಿಶೇಷ ತೊಂದರೆಯುಂಟು. ಮೀನಿರುವ ಸ್ಥಳಕ್ಕೆ ಹುಟ್ಟುಹಾಕುತ್ತ ಹೋಗುವಾಗ ಅವನು ಬೆವರುತ್ತಾನೆ. ಅನಂತರ ಗಾಳದ ಕೋಲನ್ನು ಹಿಡಿದು ಗಂಟೆಗಟ್ಟಲೆ ಅಲುಗಾಡದೆ ಕೂರುತ್ತಾನೆ. ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 580 ಕೆಲೊರಿ ಉಷ್ಣವನ್ನು ಒಯ್ಯುತ್ತದೆ. ಹತ್ತಿಬಟ್ಟೆಯ ಎಳೆಗಳು ನೀರನ್ನು ಹೀರಿ ಮೈಗೆ ಅಂಟಿಕೊಳ್ಳುತ್ತವೆ. ಗಾಳಿಯಿರಬೇಕಾದೆಡೆಯಲ್ಲಿ ನೀರು ನಿಲ್ಲುತ್ತದೆ. ಬೆಂಗಳೂರಿನ ಸೆಖೆಗೆ ಗುಣವಾದದ್ದು ಇಲ್ಲಿ ದೋಷ. ಉಣ್ಣೆ ತನ್ನ ತೂಕದ ಸುಮಾರು 30 ಪಾಲು ತೇವವನ್ನು, ಎಂದರೆ ನೂರಕ್ಕೆ ಮೂವತ್ತರಷ್ಟನ್ನು, ಎಳೆಯೊಳಗೆ ಅಡಗಿಸಿಕೊಂಡೂ ಪುಟಿದು ನಿಂತು ಗಾಳಿಯನ್ನು ಹಿಡಿದಿಡುತ್ತದೆ. ಪಾಲಿಪ್ರೊಪಿಲೀನ್ ನೂಲು ನೀರನ್ನು ಹೀರುವುದೇ ಇಲ್ಲವೆನ್ನಬಹುದು. ಆದುದರಿಂದ ಚರ್ಮಕ್ಕೆ ತಾಗುವ ಬಟ್ಟೆ ಇವೆರಡರಲ್ಲಿ ಒಂದಾಗಿರಬೇಕು.

ಮೀನುಗಾರರು ಎದೆಯವರೆಗೆ ತೊಡುವ ವೇಡರ್ ಎಂಬ ಜಲನಿರೋಧಕ ಷರಾಯಿಯ ಬಗ್ಗೆ ಒಂದು ತಪ್ಪು ಕಲ್ಪನೆಯಿದೆ. ಅದರೊಳಗೆ ನೀರು ತುಂಬಿದರೆ ಮನುಷ್ಯನನ್ನು ತಳಕ್ಕೆ ಎಳೆದುಬಿಡುತ್ತದೆಂದು ಹೇಳುವುದುಂಟು. ಆರ್ಕಿಮಿಡೀಸನ ತತ್ತ್ವವನ್ನು ಬಲ್ಲ ವಿದ್ಯಾರ್ಥಿ ಇದನ್ನು ಒಪ್ಪಲಾರ. ನೀರಿನೊಳಗೆ ನೀರಿಗೆ ತೂಕವಿಲ್ಲ. ಅಪಾಯವಿರುವುದು ಬೇರೆಡೆ. ದೋಣಿಯ ಮೇಲಕ್ಕೆ ಏರಲೆಳಸಿದಾಗ, ನೀರಿನಿಂದ ಹೊರಬಂದ ಒಂದೊಂದು ಲೀಟರಿಗೂ ಒಂದು ಕಿಲೋಗ್ರಾಂ ತೂಕ ಬರುತ್ತದೆ. ಒಳನುಗ್ಗಿದ ತಣ್ಣೀರು ಒಳಗಿನ ಬಟ್ಟೆಯನ್ನೂ ನೆನೆಸಿ ಕಾಲುಗಳ ಶಕ್ತಿಯನ್ನು ಹೀರುತ್ತದೆ. ಸೊಂಟಕ್ಕೆ ಬಿಗಿಯಾದ ಪಟ್ಟಿ ಕಟ್ಟಿದರೆ ನೀರು ನುಗ್ಗುವುದು ನಿಧಾನವಾಗುತ್ತದೆ. ಆದರೂ ವೇಡರ್ ಎಂದಿಗೂ ಡ್ರೈಸೂಟಿಗೆ ಸಮನಾಗದು.

ಬೆರಳುಗಳು ತೆಳುವಾದ ಸ್ತಂಭಗಳಂತಿರುವುದರಿಂದ ಗಾತ್ರಕ್ಕೆ ಹೋಲಿಸಿದರೆ ಅವುಗಳ ಹೊರಮೈ ಬಹಳ. ಅವು ಎಲ್ಲಕ್ಕಿಂತ ಮೊದಲು ತಣ್ಣಗಾಗುತ್ತವೆ. ಗಂಟು ಕಟ್ಟಲು ಬೆರಳು ಬರಿದಾಗಿರಬೇಕಾದರೂ ಕೈಗವಸು ಜೊತೆಯಲ್ಲಿರಬೇಕು. ತಲೆಗೆ ಉಣ್ಣೆಯ ಅಥವಾ ನಿಯೋಪ್ರೀನಿನ ಟೋಪಿ ಬೇಕು. ಸೀಟಿಯನ್ನೂ ರೇಡಿಯೋವನ್ನೂ ಲೈಫ್ ಜಾಕೆಟ್ಟಿಗೆ ಕಟ್ಟಿರಬೇಕು. ಏಕೆಂದರೆ ಗಾಳಿಗೆ ದೋಣಿ ದೂರ ಹೋಗಿಬಿಡಬಹುದು.

ಇಷ್ಟನ್ನೆಲ್ಲ ತೊಟ್ಟ ಮೇಲೆಯೂ ಒಂದು ಪರೀಕ್ಷೆ ಉಳಿಯುತ್ತದೆ. ಡ್ರೈಸೂಟಿನ ಜಿಪ್ ಪೂರ್ತಿ ಎಳೆದು, ಕುಕ್ಕರುಗಾಲಿನಲ್ಲಿ ಕುಳಿತು, ಕತ್ತಿನ ಪಟ್ಟಿಯನ್ನು ಸ್ವಲ್ಪ ಬಿಡಿಸಿ ಒಳಗಿನ ಹೆಚ್ಚಿನ ಗಾಳಿಯನ್ನು ಹೊರಡಿಸಬೇಕು. ಇಲ್ಲವಾದರೆ ಅದು ಕಾಲುಗಳಿಗೆ ಸೇರಿ ಅವನ್ನೇ ಮೇಲೆತ್ತೀತು. ಬಳಿಕ ಸಂಗಡಿಗನೊಬ್ಬನನ್ನು ದಡದಲ್ಲಿ ನಿಲ್ಲಿಸಿ, ಆಳವಿಲ್ಲದ ಕಡೆ ನೀರಿಗಿಳಿದು, ಕೆಲವು ನಿಮಿಷ ಅಲ್ಲಿಯೇ ಇದ್ದು, ದೋಣಿಯನ್ನು ಮತ್ತೆ ಏರಿ ನೋಡಬೇಕು. ಪ್ರಯೋಗಶಾಲೆಯಲ್ಲಿ ಉಪಕರಣವನ್ನು ಪರೀಕ್ಷಿಸದೆ ನಾವು ಪ್ರಯೋಗಕ್ಕೆ ತೊಡಗುವುದಿಲ್ಲ. ಪ್ರಾಣವನ್ನೇ ಪಣವಾಗಿಟ್ಟ ಪ್ರಯೋಗಕ್ಕೆ ಅದಕ್ಕಿಂತ ಕಡಮೆ ಎಚ್ಚರಿಕೆ ಸಲ್ಲದು.

ನಮ್ಮ ವಾಚಕರಲ್ಲಿ ಹಲವರು ಮುಂದೆ ಶೀತದೇಶಗಳಿಗೆ ಹೋಗುವವರಿದ್ದೀರಿ. ಬಿಸಿಲು ಬಿದ್ದ ಒಂದು ಭಾನುವಾರ ಗೆಳೆಯರು ದೋಣಿಗೆ ಕರೆದರೆ ಸಂತೋಷದಿಂದ ಹೋಗಿರಿ. ಹೊರಡುವ ಮುನ್ನ ಉಷ್ಣತಾಮಾಪಕವನ್ನು ನೀರಿನಲ್ಲಿ ಅದ್ದಿ ನೋಡಿ, ಅದು ತೋರಿಸಿದ ಅಂಕಿಗೆ ತಕ್ಕ ಬಟ್ಟೆಯನ್ನು ದಡದಲ್ಲಿಯೇ ತೊಟ್ಟುಕೊಳ್ಳಿರಿ.